ಮೂರನೇ ನಂಬರಿನ ಒಂಬತ್ತು

ನಮ್ಮ ಮನೆಯಲ್ಲಿ ನನಗೆ ಹೆಸರಿಲ್ಲ, ನಂಬರಿದೆ!

ಅಪ್ಪ ಅಮ್ಮ ಪಂಚಾಂಗ ತೆರೆದು, ನಕ್ಷತ್ರ ನೋಡಿ, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಬರೆದು, ಕಿವಿಯಲ್ಲಿ ಮೂರು ಸಲ ಉಸುರಿ ಇಟ್ಟ ಹೆಸರು ನನ್ನದು. ಅದು ಈಗ ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ನನ್ನ ಅತ್ತಿಗೆ, ಅಂದರೆ ನಮ್ಮ ಯಜಮಾನರ ಅಕ್ಕ, ನನ್ನನ್ನು ಕೂಗುವುದು ‘ಮೂರು’ ಎಂದು. “ಮೂರು, ಕಾಫಿ ಆಯ್ತಾ?” “ಮೂರು, ಗೇಟ್ ಹತ್ರ ಯಾರೋ ಬಂದ್ರು ನೋಡು.” ಗೇಟಿನಲ್ಲಿ ನಿಂತವರು ಗಾಬರಿಯಾಗುತ್ತಾರೆ. ಹಾಗಾದರೆ ಈ ಮನೆಯಲ್ಲಿ ಒಂದು, ಎರಡು ಯಾರು? ಹೇಳಿಬಿಡುತ್ತೇನೆ. ಒಂದು, ನಮ್ಮ ಯಜಮಾನರು. ಎರಡು, ಮಹಡಿಯ ಮೇಲೆ ಬಾಡಿಗೆಗಿರುವ ಗಣಿತದ ಮೇಷ್ಟ್ರು. ನಾಲ್ಕು, ದಿನಾ ಬೆಳಿಗ್ಗೆ ಹೂ ತಂದುಕೊಡುವ ಮುನಿಯಮ್ಮ. ಸೊನ್ನೆ ಎಂದು ಯಾರಿಗೂ ಇಟ್ಟಿಲ್ಲ. ಅಷ್ಟಾದರೂ ದೇವರ ದಯೆ!

“ಇದೇನು ಅತ್ತಿಗೆ, ಜೈಲಲ್ಲಿ ಕೊಡೋ ಹಾಗೆ?” ಎಂದು ಕೇಳಿದ್ದಕ್ಕೆ, “ನಂಬರ್ ಕೊಟ್ಟಿದ್ದು ನಾನಲ್ಲ ಕಣೇ, ಆ್ಯಪು” ಎಂದರು. ಶನಿ ಹಿಡಿಯುವುದನ್ನು ಕೇಳಿದ್ದೇನೆ, ದೃಷ್ಟಿ ತಾಗುವುದನ್ನು ಕೇಳಿದ್ದೇನೆ. ಆ್ಯಪು ಬಡಿದ ಮನೆ ಮಾತ್ರ ಇಡೀ ಚಾಮರಾಜಪೇಟೆಯಲ್ಲಿ ನಮ್ಮದೊಂದೇ ಇರಬೇಕು.

ಅತ್ತಿಗೆಯ ಕೆಲಸವೇನು ಎಂದು ಮೊದಲು ಹೇಳಬೇಕು. ಊರಾಚೆಯ ಹಣ್ಣಿನ ಸಂಶೋಧನಾ ತೋಟವೊಂದರಲ್ಲಿ ಆಯುಸ್ಸನ್ನೆಲ್ಲ ಕಳೆದವರು. ಒಂದು ಗಿಡದ ಹೂವಿನ ಪರಾಗವನ್ನು ಇನ್ನೊಂದು ಗಿಡದ ಹೂವಿಗೆ ಕುಂಚದಲ್ಲಿ ಸವರುವುದು, ಕಾಯಿ ಕಚ್ಚಿದರೆ ಬೀಜ ತೆಗೆದು ಬಿತ್ತುವುದು, ಗಿಡಗಳೆಲ್ಲ ಬೆಳೆದು ಹಣ್ಣು ಬಿಟ್ಟಾಗ ಅವುಗಳಲ್ಲಿ ಯಾವುದು ಒಳ್ಳೆಯದೆಂದು ವರ್ಷಗಟ್ಟಲೆ ಅಳೆದು ತೂಗಿ ನೋಡುವುದು. ಎಲ್ಲದರಲ್ಲೂ ಗೆದ್ದ ಒಂದೇ ಒಂದು ಗಿಡ ಹೊಸ ತಳಿ ಎನ್ನಿಸಿಕೊಂಡು ರೈತರ ಕೈಗೆ ಹೋಗುತ್ತದೆ. ಉಳಿದವಕ್ಕೆ ಕೊಡಲಿ! ಮದುವೆಯಾಗದೆ, ಮನೆ ಕಟ್ಟದೆ, ಅತ್ತಿಗೆ ಸೀಬೆ ಗಿಡಗಳ ನಡುವೆ ತಲೆ ಬೆಳ್ಳಗೆ ಮಾಡಿಕೊಂಡರು. ಆದರೆ ಅವರ ಕೈಯಿಂದ ಒಂದು ತಳಿಯೂ ಹೊರಬರಲಿಲ್ಲ. ಒಂದು ಸಲ ಹಣ್ಣು ಚೆನ್ನಾಗಿ ಬಂದು ಗಿಡಕ್ಕೆ ರೋಗ ಹತ್ತಿತು, ಇನ್ನೊಂದು ಸಲ ಗಿಡ ಚೆನ್ನಾಗಿ ಬಂದು ಹಣ್ಣು ಕಲ್ಲಾಯಿತು. ಈ ವಿಷಯವೊಂದನ್ನು ಅವರ ಮುಂದೆ ನಾವ್ಯಾರೂ ಎತ್ತುವುದಿಲ್ಲ.

ನಿವೃತ್ತಿಯಾದ ಮೇಲೆ ಎರಡು ಟ್ರಂಕಿನೊಂದಿಗೆ ನಮ್ಮ ಮನೆಗೆ ಬಂದರು. ಬರುವ ಮುಂಚೆಯೇ ಕನಕಪುರ ರಸ್ತೆಯ ಕಡೆ ಗೆಳತಿಯೊಬ್ಬರ ಜಮೀನಿನ ಮೂಲೆಯಲ್ಲಿ ತಮ್ಮದೇ ಅರವತ್ತು ಸೀಬೆ ಸಸಿಗಳನ್ನು ನೆಟ್ಟಿದ್ದರು. “ಇದೇ ಕೊನೇದು ಕಣೇ. ಇದ್ರಲ್ಲಿ ಒಂದು ಗೆಲ್ಲಬೇಕು” ಎಂದಿದ್ದರು. ಅಷ್ಟು ಮೆತ್ತಗೆ ಮಾತಾಡಿದ್ದು ಅದೊಂದೇ ಸಲ.

ಮೊದಲು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಒಂದು ಮಳೆಗೆ ಪುಸ್ತಕ ನೆನೆದು, ಒಂದಿಡೀ ವರ್ಷದ ಅಂಕಿಗಳು ರಾಗಿ ಗಂಜಿಯ ಹಾಗೆ ಕಲಸಿಹೋದವು. ಆಗ ಅವರ ಹಳೆಯ ಶಿಷ್ಯೆಯೊಬ್ಬಳು ಫೋನಿಗೆ ಆ್ಯಪು ಹಾಕಿಕೊಟ್ಟಳು. ಪ್ರತಿ ಗಿಡದ ಕೊರಳಿಗೂ ಕ್ಯೂಆರ್ ಚೀಟಿ. ಫೋನು ಹಿಡಿದರೆ ಆ ಗಿಡದ ತಾಯಿ ಯಾರು, ತಂದೆ ಯಾರು, ಎತ್ತರವೆಷ್ಟು, ಮೊದಲ ಹೂ ಯಾವತ್ತು ಬಿಟ್ಟಿತು, ಎಲ್ಲ ತೆರೆದುಕೊಳ್ಳುತ್ತದೆ. ನಮ್ಮ ಯಜಮಾನರಿಗೆ ಮದುವೆಯಾದ ತಾರೀಖು ನೆನಪಿಲ್ಲ. ಸೀಬೆ ಗಿಡ ಮೈನೆರೆದದ್ದು ಗಂಟೆ ಸಮೇತ ದಾಖಲೆ!

“ಇದಕ್ಕೂ ಇದಕ್ಕೂ ತಾಯಿ ಒಂದೇ ಅಂತೀರಿ, ಮತ್ತೆ ಇವೆರಡನ್ನೇ ಸೇರಿಸ್ತೀನಿ ಅಂತೀರಿ. ಸಗೋತ್ರ ಆಗಲ್ವಾ ಅತ್ತಿಗೆ?” ಎಂದೆ ನಾನು, ಕೆನ್ನೆಗೆ ಬೆರಳಿಟ್ಟುಕೊಂಡು.

ಅತ್ತಿಗೆ ನಗಲಿಲ್ಲ. “ಒಳ್ಳೇ ಪ್ರಶ್ನೆ. ನಿಮ್ಮ ಗೋತ್ರ ಪ್ರವರ ಇದ್ಯಲ್ಲ, ಅದು ಇದಕ್ಕಿಂತ ಹಳೇ ಡೇಟಾಬೇಸು ಕಣೇ” ಎಂದರು. ಹೊಗಳಿದರೋ ತೆಗಳಿದರೋ ಇವತ್ತಿಗೂ ನನಗೆ ತಿಳಿದಿಲ್ಲ.

ಆ್ಯಪಿಗೊಂದು ಉಕ್ಕಿನ ಕಟ್ಟಳೆಯಿದೆ. ಅಂಕಿ ತುಂಬುವ ಯಾವ ಮನೆಯನ್ನೂ ಖಾಲಿ ಬಿಡುವ ಹಾಗಿಲ್ಲ. ಬಿಟ್ಟರೆ ‘ಕಾರಣ’ ಎಂದು ಕೇಳುತ್ತದೆ. ಕಾರಣ ತುಂಬದೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಆರು ತಿಂಗಳಲ್ಲಿ ಈ ರೋಗ ಅತ್ತಿಗೆಗೂ ಅಂಟಿತು. ಹುಳಿಗೆ ಉಪ್ಪು ಕಡಿಮೆಯಾದರೆ, “ಕಾರಣ?” ಯಜಮಾನರು ಬೆಳಗಿನ ನಡಿಗೆಯಿಂದ ಐದು ನಿಮಿಷ ತಡವಾಗಿ ಬಂದರೆ, “ಕಾರಣ?” ಪಾಪ, ಅರವತ್ತು ದಾಟಿದ ಗಂಡಸು ಚಪ್ಪಲಿ ಬಿಡುತ್ತಾ, “ಮಸಾಲೆ ದೋಸೆ, ಅಕ್ಕ” ಎಂದು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದರು.

ಮಿಕ್ಕ ಚೀಟಿಗಳು ಸುಮ್ಮನಿರುತ್ತವೆಯೇ? ಒಂದು ದಿನ ಅಡುಗೆಮನೆಗೆ ಬಂದು ನೋಡುತ್ತೇನೆ, ನನ್ನ ಉಪ್ಪಿನಕಾಯಿ ಭರಣಿಗಳಿಗೆಲ್ಲ ಕ್ಯೂಆರ್! ಯಾವ ಊರಿನ ನಿಂಬೆ, ಯಾವ ದಿನ ಹಾಕಿದ್ದು ಎಂದು ತಿಳಿಯಲಂತೆ. ಮರುದಿನ ಮುನಿಯಮ್ಮ ಹೂ ಕೊಡಲು ಒಳಗೆ ಬಂದವಳು ಭರಣಿಗಳನ್ನು ನೋಡಿ ಬೆಚ್ಚಿ, “ಅಕ್ಕಾ, ಇಷ್ಟು ದಿನ ಸುಮ್ನೆ ಕೊಡ್ತಿದ್ರಿ. ಈಗ ಉಪ್ಪಿನ್ಕಾಯಿಗೆ ಫೋನ್ ಪೇ ಮಾಡ್ಬೇಕಾ?” ಎಂದಳು. ನಾನು ಯಾವ ಮುಖ ತೋರಿಸಲಿ?

ಅದಕ್ಕಿಂತ ದೊಡ್ಡ ಆಘಾತ ಮಠದಲ್ಲಿ ಆಯಿತು. ರಾಯರ ದರ್ಶನ ಮುಗಿಸಿ ನಿಂತಿದ್ದೆವು. ಅರ್ಚಕರು ನನ್ನ ಕೈಗೆ ಬಾಳೆಹಣ್ಣು ಹಾಕಿದರು, ಅತ್ತಿಗೆಯ ಕೈಗೆ ಸೀಬೆಹಣ್ಣು. ಆ ಸೀಬೆ ಅವರ ಕೈಗೇ ಬರಬೇಕಿತ್ತೇ! ನಾನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬ್ಯಾಗಿನಿಂದ ಉಕ್ಕಿನ ಅಳತೆ ಇಕ್ಕಳ ತೆಗೆದು ಹಣ್ಣಿನ ಸೊಂಟಕ್ಕೆ ಹಾಕಿ ತಿರುಗಿಸುತ್ತಿದ್ದಾರೆ!

“ಏನಮ್ಮಾ ಇದು? ದೇವರಿಗೆ ತೋರಿಸಿದ ಹಣ್ಣನ್ನ ಅಳೀತಾರಾ ಯಾರಾದ್ರೂ?” ಎಂದು ಅರ್ಚಕರು ಹೌಹಾರಿದರು.

“ದೇವರು ಅಳೆದಿದಾರಾ? ಇಲ್ವಲ್ಲ. ಅದಕ್ಕೇ ನಾನು ಅಳೀತಿದೀನಿ.”

ನಾನು ಎರಡೂ ಕೆನ್ನೆ ಬಡಿದುಕೊಂಡು, ಇಬ್ಬರ ಪಾಲಿನದೂ ಸೇರಿಸಿ ಇನ್ನೊಂದು ಪ್ರದಕ್ಷಿಣೆ ಹಾಕಿದೆ. ಅರ್ಚಕರು ಮಾತ್ರ ಅಂದಿನಿಂದ ಅತ್ತಿಗೆಗೆ ಬರೀ ತುಳಸಿ ಕೊಡುತ್ತಾರೆ. ತುಳಸಿಯ ಸುತ್ತಳತೆ ತೆಗೆಯುವುದು ಕಷ್ಟ ನೋಡಿ.

ಇನ್ನು ಭಾನುವಾರದ ಪರೀಕ್ಷೆ. ಶನಿವಾರ ಸಂಜೆ ಜಮೀನಿನ ಕಾವಲುಗಾರ ಹಣ್ಣಿನ ಬುಟ್ಟಿಯನ್ನು ಬಸ್ಸಿಗೆ ಹಾಕುತ್ತಿದ್ದ. ಯಜಮಾನರು ಕಲಾಸಿಪಾಳ್ಯಕ್ಕೆ ಹೋಗಿ ಇಳಿಸಿಕೊಂಡು ಬರುತ್ತಿದ್ದರು. ಭಾನುವಾರ ಬೆಳಿಗ್ಗೆ ಅತ್ತಿಗೆ ಹಣ್ಣುಗಳನ್ನು ತೂಗಿ, ರಸದ ಹನಿಯೊಂದನ್ನು ಸಿಹಿ ನೋಡುವ ದುರ್ಬೀನಿಗೆ ಬಿಟ್ಟು, ಹೋಳು ಮಾಡಿ ತಟ್ಟೆಗಳಲ್ಲಿ ಇಡುತ್ತಿದ್ದರು. ಯಾವ ಗಿಡದ್ದು ಯಾವ ತಟ್ಟೆ ಎಂದು ನಮಗೆ ತಿಳಿಯಕೂಡದು. ಆಮೇಲೆ ಅವರು ಕೋಣೆಗೆ ಹೋಗಿ ಫೋನು, ಕನ್ನಡಕ ತರುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು, ಎಲ್ಲರೂ ಸಾಲಾಗಿ ಚಾಪೆಯ ಮೇಲೆ. ಒಂದು ಹೋಳು ತಿನ್ನಬೇಕು, ಅಂಕ ಹೇಳಬೇಕು, ಬಾಯಿ ಮುಕ್ಕಳಿಸಬೇಕು, ಮುಂದಿನ ಹೋಳು. ಬಾಯಿಗೇ ಹಿಡಿಸದಿದ್ದರೆ ಒಂದು, ಬಹಳ ಚೆನ್ನಾಗಿದ್ದರೆ ಒಂಬತ್ತು. ಪಕ್ಕದವರ ಮುಖ ನೋಡುವ ಹಾಗಿಲ್ಲ.

“ನಾಲ್ಕೂವರೆ” ಎನ್ನುತ್ತಿದ್ದರು ಮೇಷ್ಟ್ರು.

“ಅರ್ಧ ಇಲ್ಲ ಮೇಷ್ಟ್ರೇ. ನಾಲ್ಕೋ ಐದೋ, ಧೈರ್ಯವಾಗಿ ಹೇಳಿ.”

“ಮೇಡಂ, ಸತ್ಯ ನಡುವೆ ಇದ್ರೆ ನಾನೇನು ಮಾಡ್ಲಿ?”

ಮುನಿಯಮ್ಮನದು ಇನ್ನೂ ನೇರ. “ಇದಕ್ಕೆ ಎರಡು. ಥೂ, ನಮ್ಮ ಮೇಕೆನೂ ಮೂಸಲ್ಲ.”

ಅತ್ತಿಗೆ ಅವಳನ್ನು ಕಂಡರೆ ಹಿಗ್ಗುತ್ತಿದ್ದರು. “ಪಿಎಚ್‌ಡಿ ಮಾಡಿದೋರಿಗೂ ಇಷ್ಟು ಸ್ಪಷ್ಟ ನಾಲಿಗೆ ಇರಲ್ಲ” ಎನ್ನುತ್ತಿದ್ದರು. ಯಜಮಾನರು ಎಲ್ಲದಕ್ಕೂ ಆರು ಅಥವಾ ಏಳು. ಬ್ಯಾಂಕಿನಲ್ಲಿದ್ದವರು, ಎಲ್ಲೂ ಸಿಕ್ಕಿಬೀಳುವುದಿಲ್ಲ.

ನಾನು? ನನ್ನ ವಿಷಯ ಈಗ ಹೇಳಬೇಕಲ್ಲ. ಹೇಳುತ್ತೇನೆ. ಮನೆಗೆ ಬಂದ ಹಣ್ಣನ್ನು ದೇವರಿಗೆ ತೋರಿಸದೆ ನಾನು ಬಾಯಿಗಿಟ್ಟವಳಲ್ಲ. ಐವತ್ತೆಂಟು ವರ್ಷದಲ್ಲಿ ಒಂದು ದಿನವೂ ಇಲ್ಲ. ಆ್ಯಪಿಗಾಗಿ ಬಿಡಲಾದೀತೇ? ಅತ್ತಿಗೆ ಫೋನು ತರಲು ಹೋದಾಗ, ತಟ್ಟೆಗಳನ್ನೆಲ್ಲ ದೇವರಮನೆಯ ಹೊಸ್ತಿಲಿಗೆ ಒಯ್ದು, ಒಂದೊಂದಕ್ಕೂ ತುಳಸಿ ಇಟ್ಟು, ‘ಕೃಷ್ಣಾರ್ಪಣ’ ಎಂದು ನೀರು ಬಿಟ್ಟು, ತುಳಸಿ ತೆಗೆದು, ಅದೇ ಸಾಲಿನಲ್ಲಿ ತಂದಿಡುತ್ತಿದ್ದೆ. ಎರಡು ನಿಮಿಷದ ಕೆಲಸ. ಮೇಷ್ಟ್ರು ನೋಡಿಯೂ ನೋಡದವರಂತೆ ಇರುತ್ತಿದ್ದರು. ಆಮೇಲೆ ತಟ್ಟೆಯಲ್ಲಿ ಇರುವುದು ಸೀಬೆಯಲ್ಲ, ಪ್ರಸಾದ! ಪ್ರಸಾದಕ್ಕೆ ಅಂಕ ಕೊಡುವುದು ಹೇಗೆ ಸ್ವಾಮಿ? ಸಪ್ಪೆ ಎನ್ನಲೇ? ಒಗರು ಎನ್ನಲೇ? ನಾಲಿಗೆ ಬಿದ್ದುಹೋಗುವುದಿಲ್ಲವೇ? ಅದಕ್ಕೇ ಒಂಬತ್ತು. ಎಲ್ಲದಕ್ಕೂ ಒಂಬತ್ತು. ಒಮ್ಮೆ ಒಂದು ಹೋಳು ತಿಂದು ದವಡೆ ಹಿಡಿದುಕೊಂಡು ಬಾಯಿ ತೆರೆಯಲು ಆಗಲಿಲ್ಲ. ಬೆರಳಿನಲ್ಲಿ ತೋರಿಸಿದೆ, ಒಂಬತ್ತು!

ನಾಲ್ಕು ವರ್ಷ ಹೀಗೇ ನಡೆಯಿತು. ಅತ್ತಿಗೆ ಕಿವಿಗೆ ಬಿದ್ದ ಅಂಕವನ್ನು ಒತ್ತಿ ಅಲ್ಲೇ ಮರೆಯುತ್ತಿದ್ದರು, ತಿರುಗಿ ನೋಡುತ್ತಿರಲಿಲ್ಲ. ಎಲ್ಲ ಸೇರಿದ ಮೇಲೆ ಒಟ್ಟಿಗೆ ನೋಡಬೇಕು, ನಡುವೆ ಇಣುಕಿದರೆ ಮನಸ್ಸು ವಾಲುತ್ತದೆ ಎಂಬುದು ಅವರ ವ್ರತ. ಪ್ರತಿಯೊಬ್ಬರಿಗೂ ಒಂದೊಂದು ವ್ರತ ಇರುತ್ತದೆ ನೋಡಿ.

ಕಳೆದ ವರ್ಷಕ್ಕೆ ಹಿಂದಿನ ವರ್ಷ, ಆಷಾಢದ ಕೊನೆಗೆ, ಜಮೀನಿನ ಗೆಳತಿಯಿಂದ ಫೋನು ಬಂತು. ಮಕ್ಕಳು ಅಲ್ಲಿ ಕಲ್ಯಾಣ ಮಂಟಪ ಕಟ್ಟಿಸುತ್ತಾರಂತೆ. ಅತ್ತಿಗೆಯ ಗಿಡಗಳಿರುವ ಮೂಲೆ ಕಾರು ನಿಲ್ಲಿಸುವ ಜಾಗ. ತಿಂಗಳೊಳಗೆ ತೆರವು ಮಾಡಬೇಕು. ಅತ್ತಿಗೆ ಆ್ಯಪು ತೆರೆದು, ಗಿಡಗಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿಕೊಂಡು, ಮೇಲಿನ ಹತ್ತಕ್ಕೆ ಬಿಳಿ ಪಟ್ಟಿ, ಉಳಿದ ಐವತ್ತಕ್ಕೆ ಕೆಂಪು ಪಟ್ಟಿ ಕಟ್ಟಿ ಬಂದರು. ಕೆಂಪಿನವನ್ನು ಮೊದಲು ಕಡಿಯುವುದು. ಬಿಳಿಯ ಹತ್ತರಲ್ಲಿ ಒಂದನ್ನು ಕಸಿ ಮಾಡಿ ತಮ್ಮ ಹಳೆಯ ತೋಟಕ್ಕೆ ಮುಂದಿನ ಪರೀಕ್ಷೆಗೆ ಕಳಿಸುವುದು. ಕಸಿಗೆ ಮುಂಚೆ ಲೆಕ್ಕವನ್ನೆಲ್ಲ ಒಮ್ಮೆ ಸರಿನೋಡಲು ಶಿಷ್ಯೆಗೆ ಕಳಿಸಿದರು.

ಮೂರನೇ ದಿನ ಬೆಳಿಗ್ಗೆ ಶಿಷ್ಯೆಯ ಫೋನು. ಅತ್ತಿಗೆ ಸ್ಪೀಕರ್ ಹಾಕಿದ್ದರು. ನಾನು ಅಕ್ಕಿ ಆರಿಸುತ್ತಿದ್ದೆ.

“ಮೇಡಂ, ಒಂದು ವಿಷಯ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಮೂರನೇ ನಂಬರಿನವರು... ಮನುಷ್ಯರೇ ತಾನೇ?”

“ಯಾಕೆ?”

“ನಾಲ್ಕು ವರ್ಷದಿಂದ ಬರೀ ಒಂಬತ್ತು ಮೇಡಂ! ಒಂದೇ ಒಂದು ಎಂಟೂ ಇಲ್ಲ. ಆ್ಯಪೇ ಕೆಟ್ಟುಹೋಗಿ ತಾನಾಗೇ ತುಂಬ್ತಿದ್ಯೇನೋ ಅಂತ ಎರಡು ದಿನ ಹುಡುಕಿದೆ.”

ಮೊರ ನನ್ನ ಕೈಯಿಂದ ಜಾರಿತು. ಅತ್ತಿಗೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಇಲ್ಲಿ ಬಾ. ಕಾರಣ?”

ಹೇಳಿದೆ. ತುಳಸಿ, ಹೊಸ್ತಿಲು, ಕೃಷ್ಣಾರ್ಪಣ, ಎಲ್ಲ ಹೇಳಿದೆ. ಫೋನಿನ ಆಚೆ ಆ ಹುಡುಗಿ ಕೆಮ್ಮಿದಳೋ ನಕ್ಕಳೋ. ಪೇಪರಿನ ಹಿಂದಿನಿಂದ ಯಜಮಾನರು, “ನಂಗೂ ಮೂವತ್ತೈದು ವರ್ಷದಿಂದ ಒಂಬತ್ತೇ ಕೊಟ್ಕೊಂಡ್ ಬಂದಿದಾಳೆ ಅಕ್ಕ” ಎಂದರು.

“ಯಾರು ಹೇಳಿದ್ದು?” ಎಂದೆ ನಾನು. ಪೇಪರು ಮತ್ತೆ ಮೇಲಕ್ಕೆ ಹೋಯಿತು.

ಅತ್ತಿಗೆ ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. “ಹೋಗ್ಲಿ ಬಿಡು. ಎಲ್ಲಾ ಗಿಡಕ್ಕೂ ಒಂಬತ್ತು ಅಂದ್ರೆ ಯಾವುದಕ್ಕೂ ಅನ್ಯಾಯ ಆಗಿಲ್ಲ” ಎಂದರು. ಒಂದು ಕೃಪೆ ಎಂದು ಮನಸ್ಸಿನಲ್ಲೇ ಎಣಿಸಿಕೊಂಡೆ. ದಿನಕ್ಕೆ ಇಷ್ಟು ಕೃಪೆ ಎಂದು ಬೆರಳಿನಲ್ಲಿ ಎಣಿಸುವುದು ನನ್ನ ಅಭ್ಯಾಸ.

“ಎಲ್ಲಾ ಗಿಡಕ್ಕೂ ಇಲ್ಲ ಮೇಡಂ” ಎಂದಳು ಶಿಷ್ಯೆ. “ಪ್ರತಿ ವರ್ಷ ಜುಲೈ, ಆಗಸ್ಟಲ್ಲಿ ಒಂದು ತಿಂಗಳು ಮೂರನೇ ನಂಬರು ಕಾಣಿಸಲ್ಲ. ಕಾರಣದ ಜಾಗದಲ್ಲಿ ನೀವು ‘ರಜೆ’ ಅಂತ ಹಾಕಿದೀರಿ.”

ಅತ್ತಿಗೆ ಮತ್ತೆ ನನ್ನ ಕಡೆ ತಿರುಗಿದರು. “ಶಾಕವ್ರತ, ಅತ್ತಿಗೆ” ಎಂದೆ.

ಚಾತುರ್ಮಾಸ್ಯದ ಮೊದಲ ತಿಂಗಳು ನಾನು ಕಾಯಿಪಲ್ಯ, ಹಣ್ಣು ಮುಟ್ಟುವುದಿಲ್ಲ. ಅಮ್ಮನಿಂದ ಬಂದದ್ದು. ನನ್ನ ಪಾಲಿನದು ಬೇರೆ ಬೇಯಿಸಿಕೊಳ್ಳುತ್ತೇನೆ, ಮನೆಯವರಿಗೆ ಬಲವಂತವಿಲ್ಲ. ಮಾವಿಗೆ ಮಾತ್ರ ವಿನಾಯಿತಿಯುಂಟು. ಅತ್ತಿಗೆ ಮಾವಿನವರಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ! ಆ ಭಾನುವಾರಗಳಲ್ಲಿ ನಾನು, “ಇವತ್ತು ನನ್ನ ಬಿಡಿ ಅತ್ತಿಗೆ” ಎಂದು ಒಳಗೇ ಉಳಿಯುತ್ತಿದ್ದೆ. ಅವರು ತಲೆ ಎತ್ತದೆ ‘ರಜೆ’ ಒತ್ತುತ್ತಿದ್ದರು.

ಮೇಷ್ಟ್ರನ್ನು ಮೇಲಿನಿಂದ ಕರೆದರು. ಅವರು ಬಂದು ನನಗೆ ಅರ್ಥವಾಗುವಂತೆ ಬಿಡಿಸಿದರು. “ನೋಡಿ ತಾಯಿ, ಅರವತ್ತು ಬಟ್ಟಲು ಪಾಯಸ ಇದೆ. ನೀವು ಐವತ್ತಾರಕ್ಕೆ ಒಂದೊಂದು ಸೌಟು ತುಪ್ಪ ಸುರಿದ್ರಿ. ನಾಲ್ಕಕ್ಕೆ ಸುರೀಲಿಲ್ಲ. ಆ ನಾಲ್ಕು ರುಚಿ ಇಲ್ಲ ಅಂತ ಎಲ್ಲರೂ ಅಂದ್ಕೊಂಡ್ರು.” ಮಳೆಗಾಲದ ಆ ತಿಂಗಳಲ್ಲೇ ಹೆಚ್ಚು ಹಣ್ಣು ಬಿಡುವ ನಾಲ್ಕು ಗಿಡಗಳಿದ್ದವು. ನನ್ನ ಒಂಬತ್ತು ಸಿಗದೆ ಅವು ತಳಕ್ಕೆ ಹೋಗಿದ್ದವು. ನಾಲ್ಕಕ್ಕೂ ಕೆಂಪು ಪಟ್ಟಿ!

“ಮೂರನೇ ನಂಬರನ್ನ ಪೂರ್ತಿ ತೆಗೆದು ಹಾಕಮ್ಮ” ಎಂದರು ಅತ್ತಿಗೆ ಫೋನಿಗೆ. ಒಂದು ಗುಂಡಿ ಒತ್ತಿದರೆ ನನ್ನ ನಾಲ್ಕು ವರ್ಷದ ಭಕ್ತಿ ಮಾಯ! ಆ ಕಡೆ ಕೀಲಿಗಳ ಟಕಟಕ.

“ಮೇಡಂ, ನಲವತ್ತೊಂದನೇ ಗಿಡ ಮೊದಲಿಗೆ ಬಂತು. ಎರಡನೇದು ಹತ್ತಿರಕ್ಕೂ ಇಲ್ಲ.”

ಮುನಿಯಮ್ಮ ಆ ಗಿಡಕ್ಕೆ ಎಂಟು ಕೊಟ್ಟಿದ್ದಳಂತೆ. ಮುನಿಯಮ್ಮ, ಎಂಟು! ಅತ್ತಿಗೆ ಎದ್ದು ನಿಂತರು. ಕಾವಲುಗಾರನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಕಡಿಯುವ ಆಳುಗಳು ಬರುವುದು ಅದೇ ಬೆಳಿಗ್ಗೆ ಎಂದು ಗೊತ್ತಿತ್ತು.

ಟ್ಯಾಕ್ಸಿ ಹಿಡಿದು ಹೊರಟೆವು. ಅತ್ತಿಗೆ, ಯಜಮಾನರು, ಮೇಷ್ಟ್ರು, ನಾನು. ಬನಶಂಕರಿಯಲ್ಲಿ ಟ್ರಾಫಿಕ್ಕು, ಅದರಾಚೆ ಇನ್ನೂ ಟ್ರಾಫಿಕ್ಕು. ನಾನು ದಾರಿಯುದ್ದಕ್ಕೂ ರಾಯರ ಹೆಸರು ಹೇಳುತ್ತಿದ್ದೆ. ಅತ್ತಿಗೆ ಒಮ್ಮೆ ಮಾತ್ರ, ಕಿಟಕಿಯ ಕಡೆ ತಿರುಗಿಕೊಂಡೇ, “ಜಗತ್ತಿಗೆಲ್ಲ ಕಾರಣ ಕೇಳ್ತೀನಿ. ಒಂದೇ ಮನೇಲಿ ಇದ್ದು, ವರ್ಷಕ್ಕೊಂದು ತಿಂಗಳು ನೀನ್ಯಾಕೆ ಹಣ್ಣು ತಿನ್ನಲ್ಲ ಅಂತ ಕೇಳ್ಲೇ ಇಲ್ವಲ್ಲೇ” ಎಂದರು.

ನಾವು ಹೋಗುವಷ್ಟರಲ್ಲಿ ಕೆಂಪು ಪಟ್ಟಿಯ ಗಿಡಗಳೆಲ್ಲ ನೆಲದ ಮೇಲೆ ಮಲಗಿದ್ದವು. ನಲವತ್ತೊಂದು ಕೂಡ. ಮೊಣಕಾಲೆತ್ತರದ ಹಸಿ ಮೋಟು, ಅದರ ಪಕ್ಕದಲ್ಲೇ ಹಣ್ಣು ಹೊತ್ತ ಕೊಂಬೆಗಳು. ಅತ್ತಿಗೆ ಚೀಟಿಯನ್ನು ಹುಡುಕಿ, ಫೋನು ಹಿಡಿದು, ಅದೇ ಗಿಡ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಹಾಗೇ ಮಣ್ಣಿನ ಮೇಲೆ ಕೂತುಬಿಟ್ಟರು. ಇಸ್ತ್ರಿ ಕೆಡದ ಹತ್ತಿಸೀರೆಯಲ್ಲೇ ನಾನು ಅವರನ್ನು ಇಷ್ಟು ವರ್ಷ ನೋಡಿದ್ದು!

ಯಜಮಾನರು ಕೊಂಬೆಯಿಂದ ಒಂದು ಹಣ್ಣು ಕಿತ್ತು ಎರಡು ಹೋಳು ಮಾಡಿದರು. ಆ ಪರಿಮಳ! ಪರೀಕ್ಷೆಯೂ ಇಲ್ಲ, ಚಾಪೆಯೂ ಇಲ್ಲ. ಮೇಷ್ಟ್ರು ಕಚ್ಚಿ, ಅಗಿದು, “ಎಂಟೂವರೆ” ಎಂದರು. ಯಾರೂ ಅವರನ್ನು ತಿದ್ದಲಿಲ್ಲ.

ನನಗೆ ತಡೆಯಲಾಗಲಿಲ್ಲ. ಎಲ್ಲ ಆದದ್ದು ನನ್ನಿಂದ. “ನಂಗೊಂದು ಹೋಳು ಕೊಡಿ ಅತ್ತಿಗೆ. ಈಗಲೇ ತಿಂದು ನಿಜ ಹೇಳ್ತೀನಿ. ವ್ರತ ಕೆಟ್ರೆ ಕೆಡ್ಲಿ, ರಾಯರಿಗೆ ನಾನೇ ಸಮಾಧಾನ ಹೇಳ್ಕೋತೀನಿ” ಎಂದು ಕೈ ಚಾಚಿದೆ.

ಅತ್ತಿಗೆ ನನ್ನ ಕೈ ಹಿಡಿದುಕೊಂಡು ಕೆಳಗಿಳಿಸಿದರು. “ಸುಮ್ನಿರೇ. ನನ್ನ ತಪ್ಪು ಸರಿಮಾಡೋಕೆ ನೀನೊಂದು ತಪ್ಪು ಮಾಡ್ಬೇಡ.”

ದೇವರ ದಯೆ ಎಲ್ಲಿರುತ್ತದೆ ಹೇಳಲಾಗದು. ಆ ದಿನ ಅದು ಕೊಡಲಿ ಹಿಡಿದವನ ಬಾಯಲ್ಲಿತ್ತು. “ಯಾಕಮ್ಮ ಅಳ್ತೀರಾ? ಸೀಬೆ ತಾನೇ? ಬುಡ ಕಿತ್ತಿಲ್ಲ. ಒಂದು ಮಳೆ ಬಿದ್ರೆ ಚಿಗುರು ಹೊಡೀತದೆ” ಎಂದ. ಅತ್ತಿಗೆ ತಲೆ ಎತ್ತಿದರು. ಜೀವಮಾನವಿಡೀ ಸೀಬೆ ಓದಿದವರಿಗೆ ಆ ಗಳಿಗೆಯಲ್ಲಿ ಅದು ಮರೆತುಹೋಗಿತ್ತು!

ಗೆಳತಿಯನ್ನು ಬೇಡಿಕೊಂಡು ಆ ಒಂದು ಮೋಟನ್ನು ಉಳಿಸಿಕೊಂಡೆವು. ಜೆಸಿಬಿ ಅದರ ಸುತ್ತ ದೇವಸ್ಥಾನಕ್ಕೆ ಬಂದ ಹಾಗೆ ಪ್ರದಕ್ಷಿಣೆ ಹಾಕಿ ಹೋಯಿತು. ಎರಡೇ ತಿಂಗಳಲ್ಲಿ ಮೋಟಿನ ತುಂಬ ಕೆಂಚು ಚಿಗುರು. ಶಿಷ್ಯೆ ಬಂದು ಕಡ್ಡಿ ಕೊಯ್ದುಕೊಂಡು ಹೋಗಿ ಕಸಿ ಕಟ್ಟಿದಳು. ಒಂದಿಷ್ಟು ಗಿಡ ಅತ್ತಿಗೆಯ ಹಳೆಯ ತೋಟಕ್ಕೆ ಹೋದವು. ಒಂದು ನಮ್ಮ ಹಿತ್ತಲಿಗೆ ಬಂತು, ಒಗೆಯುವ ಕಲ್ಲಿನ ಪಕ್ಕಕ್ಕೆ. ಅದರ ಕೊರಳಿಗೂ ಚೀಟಿ.

ಈ ವರ್ಷ ಬೇಸಿಗೆಯಲ್ಲಿ ಅದು ಮೈತುಂಬ ಹೂ ಬಿಟ್ಟಿತು. ಮಳೆಗಾಲ ಹಿಡಿಯುವಷ್ಟರಲ್ಲಿ ಹಣ್ಣು ಎಂದು ನಾನು ಬಟ್ಟೆ ಹಿಂಡುತ್ತಾ ಕಣ್ತುಂಬ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಅತ್ತಿಗೆ ಸ್ಟೂಲು ಹಾಕಿಕೊಂಡು ನಿಂತು ಹೂಗಳನ್ನೆಲ್ಲ ಒಂದೊಂದಾಗಿ ಚಿವುಟಿ ಹಾಕುತ್ತಿದ್ದಾರೆ!

“ಅಯ್ಯೋ, ಏನು ಮಾಡ್ತಿದೀರಾ ಅತ್ತಿಗೆ!” ಎಂದು ಕಿರುಚಿದೆ. ಮೇಷ್ಟ್ರು ಮಹಡಿಯ ಕಿಟಕಿಯಿಂದ ಇಣುಕಿದರು.

“ಕೆಲಸ ನೋಡ್ಕೋ ಹೋಗು, ಮೂರು.”

“ಕಾರಣ?” ಎಂದೆ. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಮಾತನ್ನು ಅವರಿಗೇ ತಿರುಗಿಸಿದ್ದೆ. ಅತ್ತಿಗೆ ಸ್ಟೂಲಿನಿಂದ ಇಳಿದು, ಆ್ಯಪಿನಲ್ಲಿ ಏನೋ ಒತ್ತಿ, ಒಳಗೆ ಹೋದರು. ನನಗೆ ಎರಡು ದಿನ ಊಟ ಸೇರಲಿಲ್ಲ. ಇವರಿಗೆ ತಲೆ ಕೆಟ್ಟಿತೇ? ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಗಿಡದ ಹೂವನ್ನು ಕೈಯಾರೆ ಕೀಳುವುದೇ? ಗಿಡ ತನ್ನ ಪಾಡಿಗೆ ಯಾವಾಗ ಬಿಡುತ್ತದೋ ಆಗಲೇ ನೋಡಬೇಕು, ನಾವು ಕೈ ಹಾಕಬಾರದು ಎಂದು ಪಾಠ ಹೇಳುತ್ತಿದ್ದವರು ಇವರೇ ಅಲ್ಲವೇ?

ಗಿಡ ಕೋಪಿಸಿಕೊಳ್ಳಲಿಲ್ಲ. ಮಳೆಗಾಲದಲ್ಲಿ ಮತ್ತೆ ಹೂ ಬಿಟ್ಟಿತು. ಉತ್ಥಾನ ದ್ವಾದಶಿಯ ತುಳಸಿ ಪೂಜೆ ಕಳೆದು, ನನ್ನ ನಾಲ್ಕು ತಿಂಗಳ ವ್ರತಗಳೆಲ್ಲ ಮುಗಿದು, ಚಳಿ ಹಿಡಿಯುವ ಹೊತ್ತಿಗೆ ಐದು ಹಣ್ಣು ಬಲಿತವು. ಅತ್ತಿಗೆ ನಾಲ್ಕು ಹಣ್ಣು ಕಿತ್ತು ತಂದು ತಾವೇ ದೇವರಮನೆಯ ಹೊಸ್ತಿಲಲ್ಲಿ ಇಟ್ಟರು. “ಇದು ನಿನ್ನ ಕೃಷ್ಣನಿಗೆ” ಎಂದರು. ಐದನೆಯದನ್ನು ತೊಳೆದು, ಒಂದು ಕಡೆಯ ತುಂಡನ್ನು ದಪ್ಪಗೆ ಕೊಯ್ದು ಬಿಸಾಡಿ, ಉಳಿದದ್ದರಲ್ಲಿ ಒಂದು ಹೋಳು ನನ್ನ ಮುಂದೆ ಹಿಡಿದರು.

“ಇದನ್ನ ಅಳಿಲು ಕಚ್ಚಿತ್ತು. ಮೂರು ದಿನದಿಂದ ಯಾವುದಾದ್ರೂ ಒಂದನ್ನ ಕಚ್ಚಲಿ ಅಂತ ಕಾಯ್ತಿದ್ದೆ. ಕಚ್ಚಿದ ಹಣ್ಣು ನೈವೇದ್ಯಕ್ಕೆ ಬರಲ್ಲ ತಾನೇ?”

“ಬರಲ್ಲ.”

“ಹಾಗಾದ್ರೆ ಇದು ಪ್ರಸಾದ ಅಲ್ಲ. ಬರೀ ಹಣ್ಣು. ತಿಂದು ನಿಜ ಹೇಳು.”

ರಾಮನೇ ಶಬರಿ ಕಚ್ಚಿದ್ದು ತಿಂದನಂತೆ, ಅಳಿಲೂ ಅವನ ಭಕ್ತನೇ ಎಂದು ಧೈರ್ಯ ತಂದುಕೊಂಡು ಬಾಯಿಗಿಟ್ಟೆ. ಮೆಲ್ಲಗೆ ಅಗಿದೆ. ಇಷ್ಟು ವರ್ಷ ಒಂಬತ್ತು ಹೇಳಿ ಹೇಳಿ ಪಳಗಿದ ನಾಲಿಗೆ. ಅತ್ತಿಗೆ ನನ್ನ ತುಟಿಯನ್ನೇ ನೋಡುತ್ತಿದ್ದರು, ರಿಸಲ್ಟಿಗೆ ನಿಂತ ಹುಡುಗಿಯ ಹಾಗೆ.

“ಎಂಟು” ಎಂದೆ. “ಬೀಜ ಸ್ವಲ್ಪ ಗಟ್ಟಿ.”

ಅತ್ತಿಗೆ ಎಂಟು ಎಂದು ಒತ್ತಿದರು, ಬೀಜ ಗಟ್ಟಿ ಎಂದೂ ಬರೆದರು. “ಒಂಬತ್ತು ಅಂದಿದ್ರೆ ನಂಬ್ತಿರ್ಲಿಲ್ಲ ಕಣೇ” ಎಂದು ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾ ಕೈ ತೊಳೆಯಲು ಹಿತ್ತಲಿಗೆ ಹೋದರು. ಹಳೆಯ ತೋಟದಲ್ಲಿ ಆ ಗಿಡದ ಪರೀಕ್ಷೆ ಇನ್ನೂ ನಡೆಯುತ್ತಿದೆ. ಗೆಲ್ಲುತ್ತದೋ ಇಲ್ಲವೋ ಯಾರಿಗೆ ಗೊತ್ತು.

ಫೋನು ಮೇಜಿನ ಮೇಲೇ ಬೆಳಗುತ್ತಿತ್ತು. ಕದ್ದು ನೋಡಬಾರದು. ನೋಡಿದೆ. ನಮ್ಮ ಹಿತ್ತಲಿನ ಗಿಡದ ಪುಟ ತೆರೆದಿತ್ತು. ತಾಯಿ, ತಂದೆ, ಎತ್ತರ, ಹೂ ಬಿಟ್ಟ ದಿನ. ಅದರ ಕೆಳಗೆ, ಬೇಸಿಗೆಯ ಹೂವನ್ನೆಲ್ಲ ಕಿತ್ತದ್ದಕ್ಕೆ ಆ್ಯಪು ಬಿಡದೆ ಕಾರಣ ಕೇಳಿತ್ತು. ಅತ್ತಿಗೆ ಕನ್ನಡದಲ್ಲೇ ತುಂಬಿದ್ದರು. ಅಲ್ಲಿ ನಂಬರಿರಲಿಲ್ಲ. ಅಪ್ಪ ಅಮ್ಮ ಅಕ್ಕಿಯ ಮೇಲೆ ಬರೆದ ನನ್ನ ಹೆಸರು, ಒಂದಕ್ಷರವೂ ಬಿಡದೆ, ಪೂರ್ತಿಯಾಗಿ ಇತ್ತು. ಅದರ ಮುಂದೆ ಒಂದೇ ಮಾತು: ಶಾಕವ್ರತ.

“ಮೂರು, ಕಾಫಿ ಆಯ್ತಾ?” ಎಂದು ಹಿತ್ತಲಿನಿಂದ ಕೂಗಿದರು.

ಹಾಲು ಒಲೆಗಿಡಲು ಎದ್ದೆ. ಕಣ್ಣು ಮಂಜಾಗಿ ಬೆಂಕಿಪೊಟ್ಟಣ ಎಲ್ಲಿದೆ ಎಂದೇ ಕಾಣಲಿಲ್ಲ.